ಎಂಜಿನ್ ಪಾಠದ ಕನ್ನಡ
ಕೊಪ್ಪಳ ಸೀಮೆಯ ಪ್ರೌಢಶಾಲೆಗಳನ್ನು ಮನಸ್ಸಿನಲ್ಲಿಟ್ಟು ಒಂದು ವಿಮರ್ಶೆ

೧

ಕವಿರಾಜಮಾರ್ಗಕಾರನು ಒಂಬತ್ತನೆಯ ಶತಮಾನದಲ್ಲಿ ಕನ್ನಡದ ತಿರುಳಾದ ನೆಲವನ್ನು ಗುರುತಿಸುವಾಗ ನಾಲ್ಕು ಊರುಗಳನ್ನು ಹೆಸರಿಸಿರುವುದು ವಾಚಕರಿಗೆ ತಿಳಿದ ಸಂಗತಿ. ಆ ನಾಲ್ಕರಲ್ಲಿ ಕೊಪಣವೂ ಒಂದು. ಅದು ಇಂದಿನ ಕೊಪ್ಪಳವೇ ಎಂಬುದನ್ನು ವಿದ್ವಾಂಸರು ಸಾಮಾನ್ಯವಾಗಿ ಒಪ್ಪಿದ್ದಾರೆ. ಕಾವ್ಯಕ್ಕೆ ತಕ್ಕ ಕನ್ನಡವು ಅಲ್ಲಿದ್ದಿತೆಂಬುದರಲ್ಲಿ ನಮಗೆ ಸಂಶಯವಿಲ್ಲ. ಪ್ರಕೃತ ಲೇಖನದಲ್ಲಿ ಎತ್ತಿಕೊಂಡಿರುವ ಪ್ರಶ್ನೆ ಬೇರೆಯದು. ಅದೇ ನೆಲದಲ್ಲಿ ಹದಿನಾಲ್ಕು ಹದಿನೈದರ ವಯಸ್ಸಿನ ವಿದ್ಯಾರ್ಥಿಯೊಬ್ಬನು ಒಂದು ಚಿಕ್ಕ ಎಂಜಿನನ್ನು ಬಿಚ್ಚಿ, ಅದರ ದೋಷವನ್ನು ಕಂಡುಹಿಡಿದು, ಮರಳಿ ಜೋಡಿಸಿ ನಡೆಯಿಸುವ ವಿದ್ಯೆಯನ್ನು ಶಾಲೆಯಲ್ಲಿ ಕನ್ನಡದ ಮೂಲಕ ಕಲಿಯಬಲ್ಲನೆ? ಕಲಿಯಬಲ್ಲನಾದರೆ, ಯಾವ ಕನ್ನಡದ ಮೂಲಕ?

ಇದು ಸಾಹಿತ್ಯ ವಿಭಾಗದವರು ಕೈಹಾಕತಕ್ಕ ವಿಷಯವೇ ಎಂದು ಕೆಲವರು ಕೇಳಬಹುದು. ಶಾಸ್ತ್ರಗ್ರಂಥಗಳನ್ನು ಕನ್ನಡ ಸಾಹಿತ್ಯದ ಚರಿತ್ರೆಯಿಂದ ನಾವು ಎಂದೂ ಹೊರಗಿಟ್ಟಿಲ್ಲ. ಎರಡನೆಯ ಚಾವುಂಡರಾಯನ ಲೋಕೋಪಕಾರ, ಕೀರ್ತಿವರ್ಮನ ಗೋವೈದ್ಯ, ರಾಜಾದಿತ್ಯನ ವ್ಯವಹಾರಗಣಿತ, ಮಂಗರಾಜನ ಖಗೇಂದ್ರಮಣಿದರ್ಪಣ ಎಂಬಿವೆಲ್ಲ ಪಂಪ ರನ್ನರ ಕೃತಿಗಳೊಂದಿಗೆ ನಮ್ಮ ಪಟ್ಟಿಗಳಲ್ಲಿ ಸ್ಥಾನ ಪಡೆದಿವೆ. ಈ ಶತಮಾನಗಳ ಶಾಸ್ತ್ರಗ್ರಂಥಗಳ ಭಾಷೆಯನ್ನು ವಿಮರ್ಶಿಸುವ ನಾವು, ನಮ್ಮ ಕಾಲದ ಶಾಲಾಬಾಲಕರ ಕೈಗೆ ಬರುವ ಶಾಸ್ತ್ರಪಾಠದ ಭಾಷೆಯನ್ನು ಮಾತ್ರ ಪರೀಕ್ಷಿಸದೆ ಬಿಡುವುದು ನ್ಯಾಯವಲ್ಲ.

೨

ಮೊದಲು ಸೀಮೆಯ ಸ್ಥಿತಿಯನ್ನು ನೋಡೋಣ. ೧೯೯೭ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಕೊಪ್ಪಳ ಜಿಲ್ಲೆಯಾದಾಗ ಅದರಲ್ಲಿದ್ದ ತಾಲ್ಲೂಕುಗಳು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು. ಕಾರಟಗಿ, ಕನಕಗಿರಿ, ಕುಕನೂರುಗಳು ಅನಂತರ ಇವುಗಳಿಂದಲೇ ಒಡೆದು ಬಂದವು. ತುಂಗಭದ್ರಾ ಅಣೆಕಟ್ಟು ೧೯೫೩ರಲ್ಲಿ ಮುಗಿದು, ಮುನಿರಾಬಾದಿನ ಕಡೆಯಿಂದ ಎಡದಂಡೆಯ ಕಾಲುವೆ ಹರಿದ ಮೇಲೆ ಗಂಗಾವತಿಯ ನೆಲವು ಬತ್ತದ ಕಣಜವಾಯಿತು. ಕುಷ್ಟಗಿ ಯಲಬುರ್ಗಾಗಳು ಮಳೆಯನ್ನೇ ನೆಚ್ಚಿದ ಬಯಲಾಗಿ ಉಳಿದವು.

ಈ ಭೇದವು ಎಂಜಿನುಗಳ ರೋಗಗಳಲ್ಲಿಯೂ ಕಾಣಬರುತ್ತದೆ. ಗಂಗಾವತಿಯ ಗದ್ದೆಗಳಲ್ಲಿ ಬೆನ್ನಿಗೆ ಕಟ್ಟಿಕೊಳ್ಳುವ ಔಷಧ ಸಿಂಪಡಿಸುವ ಯಂತ್ರವು ಹಂಗಾಮಿನ ತರುವಾಯ ತಿಂಗಳುಗಟ್ಟಲೆ ಮೂಲೆಯಲ್ಲಿ ಕೂರುತ್ತದೆ. ತೊಟ್ಟಿಯಲ್ಲಿ ಉಳಿದ ಪೆಟ್ರೋಲು ಆರಿ ಅಂಟಾಗಿ ಕಾರ್ಬೊರೇಟರಿನ ಸಣ್ಣ ರಂಧ್ರವನ್ನು ಮುಚ್ಚುವುದರಿಂದ, ಮುಂದಿನ ಹಂಗಾಮಿಗೆ ಎಷ್ಟು ಹಗ್ಗ ಎಳೆದರೂ ಎಂಜಿನು ಏಳದು. ಯಲಬುರ್ಗಾ ಕುಷ್ಟಗಿಗಳ ಒಣ ಬಯಲಿನಲ್ಲಿ ಶತ್ರುವು ಧೂಳು. ಗಾಳಿಯ ಜರಡಿಯನ್ನು ತೊಳೆಯದೆ ಬಿಟ್ಟರೆ ಎಂಜಿನಿಗೆ ಉಸಿರು ಸಾಲದೆ ಕಪ್ಪು ಹೊಗೆ ಬರುತ್ತದೆ. ಜರಡಿ ಹರಿದಿದ್ದರೆ ಧೂಳು ಒಳಹೊಕ್ಕು ಸಿಲಿಂಡರಿನ ಗೋಡೆಯನ್ನೂ ಪಿಸ್ಟನ್ನಿನ ಉಂಗುರಗಳನ್ನೂ ಸವೆಯಿಸಿ, ಎಣ್ಣೆ ಉರಿದು, ನೀಲಿ ಹೊಗೆ ಕಾಣಿಸಿಕೊಳ್ಳುತ್ತದೆ. ಒಂದೇ ಜಿಲ್ಲೆಯ ಎರಡು ಶಾಲೆಗಳಲ್ಲಿ ಈ ವಿದ್ಯೆಯ ಮೊದಲ ಪಾಠವು ಒಂದೇ ಆಗಿರಲಾರದೆಂಬುದನ್ನು ಇದರಿಂದ ತಿಳಿಯಬಹುದು.

ಇನ್ನೊಂದು ಸಂಗತಿಯೂ ಗಮನಾರ್ಹವಾದುದು. ಕೊಪ್ಪಳ ತಾಲ್ಲೂಕಿನ ಬೇವಿನಹಳ್ಳಿಯಲ್ಲಿರುವ ಕಿರ್ಲೋಸ್ಕರ್ ಫೆರಸ್ ಕಾರ್ಖಾನೆಯಲ್ಲಿ ಟ್ರ್ಯಾಕ್ಟರು ಮತ್ತು ಡೀಸೆಲ್ ಎಂಜಿನುಗಳ ಸಿಲಿಂಡರ್ ಬ್ಲಾಕುಗಳನ್ನೂ ಅವುಗಳ ತಲೆಗಳನ್ನೂ ಎರಕ ಹೊಯ್ಯುತ್ತಾರೆ. ಆ ಮನೆತನದ ಉದ್ಯಮಕ್ಕೆ ಮೂಲಪುರುಷರಾದ ಲಕ್ಷ್ಮಣರಾವ್ ಕಿರ್ಲೋಸ್ಕರರು ೧೮೬೯ರಲ್ಲಿ ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ ಹುಟ್ಟಿದವರು. ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಮೊದಲುಗೊಂಡವರು. ಹೀಗೆ, ಕೊಪ್ಪಳದ ಬಾಲಕನು ಸಿಲಿಂಡರ್ ಎಂಬುದರ ಲಕ್ಷಣವನ್ನು ಬಾಯಿಪಾಠ ಮಾಡುವ ಕೊಠಡಿಗೆ ಕೆಲವೇ ಮೈಲಿಗಳ ದೂರದಲ್ಲಿ ಅದೇ ವಸ್ತುವು ಕಾದ ಕಬ್ಬಿಣದಿಂದ ರೂಪುಗೊಳ್ಳುತ್ತಿರುತ್ತದೆ. ವಸ್ತುವು ಪರದೇಶದ್ದು, ಆದುದರಿಂದ ಅದರ ಮಾತೂ ಪರಕೀಯವಾಗಿಯೇ ಇರತಕ್ಕದ್ದು ಎಂಬ ವಾದಕ್ಕೆ ಈ ಸೀಮೆಯಲ್ಲಿಯಂತೂ ಆಧಾರವಿಲ್ಲ.

೩

ಪ್ರೌಢಶಾಲೆಯಲ್ಲಿ ಕೈಕೆಲಸದ ವಿದ್ಯೆಗೆ ಸ್ಥಾನ ಕೊಡಬೇಕೆಂಬ ಮಾತು ಹೊಸದಲ್ಲ. ೧೯೩೭ರ ವಾರ್ಧಾ ಸಮ್ಮೇಳನವು ಕಸುಬಿನ ಮೂಲಕ ಶಿಕ್ಷಣವೆಂಬ ತತ್ತ್ವವನ್ನು ಸಾರಿತು. ೧೯೫೩ರಲ್ಲಿ ವರದಿಯೊಪ್ಪಿಸಿದ ಮುದಲಿಯಾರ್ ಆಯೋಗವು ಬಹೂದ್ದೇಶ ಪ್ರೌಢಶಾಲೆಗಳನ್ನು ಸೂಚಿಸಿ, ತಾಂತ್ರಿಕ ಶಾಖೆಯನ್ನು ಮಾನವಿಕ ಶಾಖೆಯ ಪಕ್ಕದಲ್ಲಿಯೇ ಇರಿಸಿತು. ೧೯೬೪ರಿಂದ ೧೯೬೬ರ ವರೆಗೆ ವಿಚಾರ ನಡೆಯಿಸಿದ ಕೊಠಾರಿ ಆಯೋಗವು ಕಾರ್ಯಾನುಭವವೆಂಬುದನ್ನು ಎಲ್ಲರಿಗೂ ವಿಧಿಸಿತು. ೨೦೧೩ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟು ಪ್ರಕಟವಾದ ಮೇಲೆ ಕರ್ನಾಟಕದ ಆಯ್ದ ಪ್ರೌಢಶಾಲೆಗಳಲ್ಲಿ ಮಾಹಿತಿ ತಂತ್ರಜ್ಞಾನ, ಚಿಲ್ಲರೆ ವ್ಯಾಪಾರ ಮುಂತಾದವುಗಳೊಂದಿಗೆ ಆಟೋಮೊಬೈಲ್ ಎಂಬ ವಿಷಯವೂ ಒಂಬತ್ತು ಹತ್ತನೆಯ ತರಗತಿಗಳಿಗೆ ಬಂದಿತು.

ಇಲ್ಲಿ ಭಾಷಾವಿಮರ್ಶಕನನ್ನು ತಡೆದು ನಿಲ್ಲಿಸುವ ಒಂದು ವಿವರವಿದೆ. ೨೦೨೦ರ ದಶಕದ ಎಸ್.ಎಸ್.ಎಲ್.ಸಿ. ವೇಳಾಪಟ್ಟಿಗಳನ್ನು ತೆರೆದು ನೋಡಿದರೆ, ಆಟೋಮೊಬೈಲ್ ಪರೀಕ್ಷೆಯು ತೃತೀಯ ಭಾಷೆಯ ದಿನದಂದೇ, ಹಿಂದಿ ಸಂಸ್ಕೃತ ಉರ್ದು ಕೊಂಕಣಿ ತುಳುಗಳ ಸಾಲಿನಲ್ಲಿ ಕಾಣಿಸಿಕೊಳ್ಳುತ್ತದೆ. ಅಂದರೆ, ಈ ವಿಷಯವನ್ನು ಆಯ್ದುಕೊಂಡ ವಿದ್ಯಾರ್ಥಿಯು ಒಂದು ಭಾಷೆಯ ಬದಲಿಗೆ ಎಂಜಿನನ್ನು ಕಲಿಯುತ್ತಾನೆ. ಆಡಳಿತದ ಅನುಕೂಲಕ್ಕಾಗಿ ಮಾಡಿದ ಏರ್ಪಾಡಿದು ಎಂಬುದು ನಿಜ. ಆದರೂ ಅದರಲ್ಲಿ ಒಂದು ಒಳ್ಳೆಯ ಅರ್ಥವು ತಾನಾಗಿಯೇ ಅಡಗಿದೆ ಎಂದು ನಮ್ಮ ಅಭಿಪ್ರಾಯ. ಭಾಷೆಯ ಪೀಠದಲ್ಲಿ ಕುಳಿತ ವಿಷಯವನ್ನು ಭಾಷೆಯಂತೆಯೇ ಕಲಿಸಬಾರದೇಕೆ? ಭಾಷೆಯನ್ನು ನಾವು ಕೇಳಿ ಕಲಿಯುತ್ತೇವೆ, ಆಡಿ ಕಲಿಯುತ್ತೇವೆ, ಓದಿ ಕಲಿಯುತ್ತೇವೆ. ವ್ಯಾಕರಣದ ಲಕ್ಷಣಗಳನ್ನು ಮಾತ್ರ ಬಾಯಿಪಾಠ ಮಾಡಿ ಯಾರೂ ಯಾವ ಭಾಷೆಯನ್ನೂ ಕಲಿತಿಲ್ಲ.

೪

ಈಗಿನ ಪಾಠಗಳ ಧಾಟಿಯು ಇದಕ್ಕೆ ವಿರುದ್ಧವಾಗಿದೆ. ಯಂತ್ರವನ್ನು ಕುರಿತ ನಮ್ಮ ಶಾಲಾಗದ್ಯವು ಬಹುಮಟ್ಟಿಗೆ ಲಕ್ಷಣವಾಕ್ಯಗಳ ಸರಣಿ. ಅದರ ರೀತಿಯನ್ನು ತೋರಿಸುವುದಕ್ಕಾಗಿ ನಾನೇ ರಚಿಸಿದ ಒಂದು ವಾಕ್ಯವನ್ನು ಇಲ್ಲಿ ಕೊಡುತ್ತೇನೆ: ‘ಇಂಧನ ಮಾರ್ಗದಲ್ಲಿ ವಾಯುವಿನ ಅಸ್ತಿತ್ವದಿಂದಾಗಿ ಅಂತರ್ದಹನ ಯಂತ್ರದ ಕಾರ್ಯಾರಂಭದಲ್ಲಿ ವೈಫಲ್ಯ ಉಂಟಾಗುತ್ತದೆ.’ ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಇದನ್ನು ಓದಿದವನು ಏನನ್ನು ಮಾಡತಕ್ಕದ್ದು ಎಂಬುದು ಇದರಲ್ಲಿ ಎಲ್ಲಿಯೂ ಇಲ್ಲ. ಎಲ್ಲ ಸಂಗತಿಗಳೂ ನಾಮಪದಗಳಾಗಿ ಹೆಪ್ಪುಗಟ್ಟಿವೆ.

ಇದೇ ಸಂಗತಿಯನ್ನು ಕುಷ್ಟಗಿಯ ಕಡೆಯ ರಸ್ತೆಬದಿಯ ಮಿಸ್ತ್ರಿಯು ‘ಗಾಳಿ ಹಿಡಿದೈತಿ’ ಎಂಬ ಎರಡು ಮಾತಿನಲ್ಲಿ ಮುಗಿಸುತ್ತಾನೆ. ಕೂಡಲೆ ಮಾಡತಕ್ಕ ಕ್ರಮವೂ ಅವನ ಬಾಯಿಂದ ಸರಪಣಿಯಾಗಿ ಹೊರಡುತ್ತದೆ: ಫಿಲ್ಟರಿನ ಮೇಲಣ ಸ್ಕ್ರೂವನ್ನು ಸಡಿಲಿಸಿ, ಕೈಪಂಪನ್ನು ಒತ್ತಿ, ಗುಳ್ಳೆ ನಿಂತು ಬರಿಯ ಎಣ್ಣೆ ಬಂದರೆ ಬಿಗಿದು, ಆಮೇಲೆ ತಿರುವಿ ನೋಡಬೇಕು. ಈ ಮಾತಿನಲ್ಲಿ ಫಿಲ್ಟರು, ಸ್ಕ್ರೂ, ಪಂಪು ಎಂಬ ನಾಮಪದಗಳು ಹೊರಗಿನಿಂದ ಬಂದವು. ಸಡಿಲಿಸು, ಒತ್ತು, ಬರು, ಬಿಗಿ, ತಿರುವು, ನೋಡು ಎಂಬ ಕ್ರಿಯಾಪದಗಳು ಒಂದೂ ತಪ್ಪದೆ ಕನ್ನಡದವು. ಕೃದಂತಗಳನ್ನು ಒಂದರ ಬೆನ್ನಿಗೊಂದು ಪೋಣಿಸಿ ಕೆಲಸದ ಕ್ರಮವನ್ನು ಹೇಳುವ ನಮ್ಮ ಭಾಷೆಯ ಶಕ್ತಿಯೂ, ‘ಬಂದರೆ’ ಎಂಬ ಪಕ್ಷಾರ್ಥರೂಪದಿಂದ ಪರೀಕ್ಷೆಯ ನಿಬಂಧನೆಯನ್ನು ಸೂಚಿಸುವ ಶಕ್ತಿಯೂ ಇಲ್ಲಿ ಒಟ್ಟಿಗೆ ದುಡಿಯುತ್ತವೆ.

ಪಾರಿಭಾಷಿಕ ಪದಗಳ ಬಗೆಗೆ ನಾವು ನಡೆಯಿಸಿಕೊಂಡು ಬಂದ ವಾದವು ಬಹುವಾಗಿ ನಾಮಪದಗಳನ್ನೇ ಕುರಿತದ್ದು. ಪಿಸ್ಟನ್ನನ್ನು ಆಡುಬೆಣೆಯೆನ್ನಬೇಕೆ, ಕೊಂತವೆನ್ನಬೇಕೆ, ವಾಲ್ವನ್ನು ಕವಾಟವೆನ್ನಬೇಕೆ ಎಂದು ನಾವು ಕಾಗದವನ್ನು ಬಹಳವಾಗಿ ವ್ಯಯಿಸಿದ್ದೇವೆ. ಈ ಸೀಮೆಯ ಇತಿಹಾಸವೇ ಈ ವಿಷಯದಲ್ಲಿ ಒಂದು ಪಾಠವನ್ನು ಹೇಳುತ್ತದೆ. ೧೯೪೮ರ ವರೆಗೆ ಈ ನಾಲ್ಕು ತಾಲ್ಲೂಕುಗಳು ಹೈದರಾಬಾದಿನ ನಿಜಾಮನ ರಾಜ್ಯಕ್ಕೆ ಸೇರಿದ್ದವು. ೧೯೫೬ರಲ್ಲಿ ಮೈಸೂರು ರಾಜ್ಯವನ್ನು ಕೂಡಿದವು. ೧೯೧೮ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯವು ಉಚ್ಚಶಿಕ್ಷಣವನ್ನೆಲ್ಲ ಉರ್ದುವಿನಲ್ಲಿ ಕೊಡಲು ಮುಂದಾಗಿ, ಒಂದು ಭಾಷಾಂತರ ಶಾಖೆಯ ಮೂಲಕ ಅರಬ್ಬಿ ಪಾರಸಿ ಧಾತುಗಳಿಂದ ಶಾಸ್ತ್ರಪದಗಳನ್ನು ಟಂಕಿಸಿತು. ಭಾರತೀಯ ಭಾಷೆಯೊಂದರಲ್ಲಿ ಆಧುನಿಕ ಶಾಸ್ತ್ರಗಳನ್ನು ಕಲಿಸಹೊರಟ ಆ ಸಾಹಸವು ಗೌರವಾರ್ಹವಾದುದು. ಆದರೆ ಇಂದು ಕೊಪ್ಪಳ ಸೀಮೆಯ ಕಾರ್ಯಾಗಾರದಲ್ಲಿ ಕೇಳಬರುವ ಪಾನಾ, ಪೇಚು, ಮಿಸ್ತ್ರಿ ಎಂಬಿವು ಪಂಡಿತರ ಕೋಶದಿಂದ ಇಳಿದುಬಂದವಲ್ಲ. ಪೇಟೆಯಿಂದ, ಕೈಯಿಂದ ಕೈಗೆ ದಾಟಿ ಬಂದವು. ಮಿಸ್ತ್ರಿ ಎಂಬುದಂತೂ ಪೋರ್ಚುಗೀಸ್ ಮೂಲದ ಮಾತು. ಕೆಲಸವು ಎಲ್ಲಿಂದ ಬಂದಿತೋ ಹೆಸರೂ ಅಲ್ಲಿಂದ ಬರುತ್ತದೆ. ಅದಕ್ಕಾಗಿ ನಾವು ಅಳಬೇಕಾದುದಿಲ್ಲ. ನಷ್ಟವಾಗುವುದು ಕ್ರಿಯಾಪದವನ್ನು ಕಳೆದುಕೊಂಡಾಗ. ಶಬ್ದಮಣಿದರ್ಪಣದಲ್ಲಿ ಕೇಶಿರಾಜನು ಧಾತುಗಳಿಗೆ ಪ್ರತ್ಯೇಕ ಪ್ರಕರಣವನ್ನೇ ಮೀಸಲಿಟ್ಟುದನ್ನು ನೆನೆದರೆ, ಭಾಷೆಯ ಜೀವವು ಎಲ್ಲಿರುವುದೆಂಬ ಅರಿವು ನಮ್ಮ ಹಿರಿಯರಿಗೆ ಇದ್ದಿತೆಂದು ಹೇಳಬೇಕಾಗಿದೆ.

೫

ಹಾಗಾದರೆ ರಿಪೇರಿಯನ್ನು ಕಲಿಸುವ ಒಂದು ಪಾಠವು ಒಳ್ಳೆಯದೋ ಅಲ್ಲವೋ ಎಂಬುದನ್ನು ನಿರ್ಣಯಿಸುವ ಒರೆಗಲ್ಲು ಯಾವುದು? ಎಂಜಿನಿನ ರಚನೆಯನ್ನು ವರ್ಣಿಸುವುದು ಒಂದು, ಅದರ ದೋಷವನ್ನು ಹುಡುಕುವುದು ಇನ್ನೊಂದು. ೧೮೭೬ರಲ್ಲಿ ಒಟ್ಟೋ ರೂಪಿಸಿದ ನಾಲ್ಕು ಹೊಡೆತಗಳ ಎಂಜಿನು ಹೀರುತ್ತದೆ, ಒತ್ತುತ್ತದೆ, ಸಿಡಿದು ನೂಕುತ್ತದೆ, ಹೊರಹಾಕುತ್ತದೆ ಎಂಬುದು ವರ್ಣನೆ. ನಿಂತ ಎಂಜಿನಿನ ಮುಂದೆ ಕುಳಿತವನಿಗೆ ಬೇಕಾಗುವುದು ವಿಚಾರದ ಕ್ರಮ. ಇಂಧನ ಬರುತ್ತಿದೆಯೆ? ಗಾಳಿ ಬರುತ್ತಿದೆಯೆ? ಪೆಟ್ರೋಲ್ ಎಂಜಿನಾದರೆ ಕಿಡಿ ಹಾರುತ್ತಿದೆಯೆ? ಒಳಗೆ ಒತ್ತಡ ನಿಲ್ಲುತ್ತಿದೆಯೆ? ಇವುಗಳನ್ನು ಸುಲಭವಾದುದರಿಂದ ಕಷ್ಟವಾದುದರ ಕಡೆಗೆ, ಖರ್ಚಿಲ್ಲದುದರಿಂದ ಖರ್ಚಿನದರ ಕಡೆಗೆ ಒಂದೊಂದಾಗಿ ಕೇಳುತ್ತ ಹೋಗುವುದೇ ಈ ವಿದ್ಯೆಯ ಸಾರ.

ಪ್ಲಗ್ಗನ್ನು ಬಿಚ್ಚಿ ನೋಡುವುದು ಇದಕ್ಕೆ ಒಳ್ಳೆಯ ಉದಾಹರಣೆ. ಅದರ ತುದಿಯು ತಿಳಿಗಂದಾಗಿದ್ದರೆ ಉರಿಯು ಸರಿಯಾಗಿದೆ; ಒಣಗಿದ ಕಪ್ಪು ಮಸಿ ಇದ್ದರೆ ಪೆಟ್ರೋಲು ಹೆಚ್ಚು, ಗಾಳಿ ಕಡಿಮೆ; ಒದ್ದೆಯಾಗಿದ್ದರೆ ಕಿಡಿ ಹಾರದೆ ಪೆಟ್ರೋಲು ನಿಂತಿದೆ; ಬೆಳ್ಳಗೆ ಬೆಂದಿದ್ದರೆ ಎಂಜಿನು ಮಿತಿಮೀರಿ ಕಾಯುತ್ತಿದೆ. ಎರಡು ಹೊಡೆತಗಳ ಎಂಜಿನಿನಲ್ಲಿ ಪೆಟ್ರೋಲಿನೊಂದಿಗೆ ಎಣ್ಣೆಯನ್ನು ತಯಾರಕನು ಹೇಳಿದ ಪ್ರಮಾಣದಲ್ಲಿ ಬೆರೆಸದಿದ್ದರೆ ಪಿಸ್ಟನ್ನು ಗೋಡೆಗೆ ಕಚ್ಚಿಕೊಳ್ಳುತ್ತದೆ; ಏಕೆಂದರೆ ಅದರಲ್ಲಿ ಒಳಭಾಗಗಳಿಗೆ ಎಣ್ಣೆ ಮುಟ್ಟುವುದು ಆ ಪೆಟ್ರೋಲಿನ ಮೂಲಕವೇ. ಇದು ಓದುವಿಕೆಯೇ. ಅಕ್ಷರದ ಬದಲು ಮಸಿಯನ್ನೂ ಹೊಗೆಯನ್ನೂ ಸದ್ದನ್ನೂ ಓದುವುದು.

ಕನ್ನಡದ ಹಳೆಯ ಶಾಸ್ತ್ರಸಾಹಿತ್ಯಕ್ಕೆ ಈ ಬಗೆಯ ಓದು ಅಪರಿಚಿತವಲ್ಲ. ಹನ್ನೆರಡನೆಯ ಶತಮಾನದ ಚಾಲುಕ್ಯ ರಾಜಕುಮಾರ ಕೀರ್ತಿವರ್ಮನು ದನಗಳ ರೋಗಕ್ಕೂ ಮದ್ದಿಗೂ ಒಂದು ಗ್ರಂಥವನ್ನು ಕನ್ನಡದಲ್ಲಿ ಬರೆದನು. ಮಾತನಾಡಲಾರದ ಜೀವಿಯ ಸಂಕಟವನ್ನು ಹೊರಗಣ ಕುರುಹುಗಳಿಂದ ಊಹಿಸಿ, ಕಾರಣವನ್ನು ಕಂಡು, ಮದ್ದನ್ನು ಕೊಡುವ ಬುದ್ಧಿಯೇ ಗೋವೈದ್ಯದ ಬುದ್ಧಿ. ಎಂಜಿನೂ ಮಾತನಾಡಲಾರದು. ಉಳುವವನಿಗೆ ಆಗ ಎತ್ತು ಏನಾಗಿದ್ದಿತೋ ಇಂದು ಎಂಜಿನು ಬಹುಮಟ್ಟಿಗೆ ಅದೇ ಆಗಿದೆ. ಅಂದು ರಾಜಕುಮಾರನೊಬ್ಬನು ದನದ ಕೊಟ್ಟಿಗೆಯ ವಿದ್ಯೆಯನ್ನು ಗ್ರಂಥಸ್ಥಗೊಳಿಸಲು ಹಿಂಜರಿಯಲಿಲ್ಲ. ನಮಗೆ ಕಾರ್ಯಾಗಾರದ ವಿದ್ಯೆಯ ಬಗ್ಗೆ ಹಿಂಜರಿಕೆಯೇಕೆ? ಆಧುನಿಕ ವಿಜ್ಞಾನವನ್ನು ತಿಳಿಗನ್ನಡದಲ್ಲಿ ಹೇಳಬಹುದೆಂಬುದನ್ನು ಶಿವರಾಮ ಕಾರಂತರು ೧೯೩೬ರ ಬಾಲಪ್ರಪಂಚದಲ್ಲಿಯೂ ೧೯೫೯ರಿಂದ ಬಂದ ವಿಜ್ಞಾನಪ್ರಪಂಚದಲ್ಲಿಯೂ ತೋರಿಸಿಕೊಟ್ಟರು. ಅವು ತಿಳಿಸುವ ಗದ್ಯಕ್ಕೆ ಮಾದರಿಗಳು. ಮಾಡಿಸುವ ಗದ್ಯಕ್ಕೆ ಅಂಥ ಮಾದರಿಗಳು ಇನ್ನೂ ನಮಗೆ ಬೇಕಾಗಿವೆ.

೬

ಇಲ್ಲಿ ಎರಡು ಆಕ್ಷೇಪಗಳು ಬರಬಹುದು. ವಿದ್ಯಾರ್ಥಿಯು ಮುಂದೆ ಐ.ಟಿ.ಐ. ಅಥವಾ ಪಾಲಿಟೆಕ್ನಿಕ್ಕಿಗೆ ಹೋದಾಗ, ಇಲ್ಲವೆ ಕಂಪನಿಯ ಕೈಪಿಡಿಯನ್ನು ಹಿಡಿದಾಗ ಇಂಗ್ಲಿಷು ಬೇಕಾಗುತ್ತದೆ ಎಂಬುದು ಮೊದಲನೆಯದು. ಇದು ಸತ್ಯ. ಭಾಗಗಳ ಹೆಸರುಗಳನ್ನು ಬಳಕೆಯಲ್ಲಿರುವಂತೆಯೇ ಕನ್ನಡ ಲಿಪಿಯಲ್ಲಿ ಇಟ್ಟುಕೊಂಡರೆ ಆ ಹಾದಿಯು ಮುಚ್ಚುವುದಿಲ್ಲ. ಅಲ್ಲದೆ ಯಂತ್ರಗಳು ಬದಲಾಗುತ್ತಲೇ ಇರುತ್ತವೆ. ೨೦೨೦ರ ಏಪ್ರಿಲಿನಿಂದ ಭಾರತ್ ಸ್ಟೇಜ್ ಆರು ಎಂಬ ನಿಯಮವು ಜಾರಿಗೆ ಬಂದ ಮೇಲೆ ಹೊಸ ಮೋಟಾರು ಸೈಕಲುಗಳಲ್ಲಿ ಕಾರ್ಬೊರೇಟರಿನ ಸ್ಥಾನವನ್ನು ಇಂಧನವನ್ನು ಚಿಮ್ಮಿಸುವ ಇಂಜೆಕ್ಟರು ಆಕ್ರಮಿಸಿತು. ಹೆಸರುಗಳ ಪಟ್ಟಿಯನ್ನು ಮಾತ್ರ ಕಲಿತವನ ವಿದ್ಯೆಯು ಅಂದೇ ಅರ್ಧ ಹಳಸಿತು. ಇಂಧನ, ಗಾಳಿ, ಕಿಡಿ, ಒತ್ತಡ ಎಂಬ ವಿಚಾರಕ್ರಮವನ್ನು ಕಲಿತವನದು ಹಳಸಲಿಲ್ಲ.

ಎರಡನೆಯ ಆಕ್ಷೇಪವು ಹೆಚ್ಚು ಗಂಭೀರವಾದುದು. ಬಡವರ ಮಕ್ಕಳಿಗೆ ಪಾನಾ, ಉಳ್ಳವರ ಮಕ್ಕಳಿಗೆ ಪುಸ್ತಕ ಎಂಬ ಹಳೆಯ ವಿಭಾಗವನ್ನು ಈ ಪಾಠವು ಮತ್ತೆ ಗಟ್ಟಿಮಾಡುವುದಿಲ್ಲವೆ? ಸರಕಾರಿ ಶಾಲೆಯಲ್ಲಿ ಮಾತ್ರ ಎಂಜಿನನ್ನಿಟ್ಟು, ಅಲ್ಲಿಯೂ ಹಿಂದುಳಿದವರೆನಿಸಿದ ಹುಡುಗರನ್ನು ಮಾತ್ರ ಅದರ ಮುಂದೆ ಕೂರಿಸಿ, ಹುಡುಗಿಯರನ್ನು ದೂರವಿರಿಸಿದರೆ ಈ ಭಯವು ನಿಜವೇ ಆಗುತ್ತದೆ. ಆದುದರಿಂದ ಇದು ಎಲ್ಲರ ಪಾಠವಾಗಬೇಕು. ಕಾಯಕಗಳಲ್ಲಿ ಮೇಲುಕೀಳಿಲ್ಲವೆಂಬ ಮಾತನ್ನು ಹನ್ನೆರಡನೆಯ ಶತಮಾನದಿಂದ ಕೇಳುತ್ತ ಬಂದ ನಾಡಿನಲ್ಲಿ, ಆ ಮಾತನ್ನು ಕನ್ನಡ ತರಗತಿಯಲ್ಲಿ ಬೋಧಿಸಿ ಪಕ್ಕದ ಕೊಠಡಿಯಲ್ಲಿ ಮರೆಯುವುದು ಸಲ್ಲದು.

ಈ ಪ್ರಶ್ನೆಯ ಹಿಂದೆ ಇನ್ನೊಂದು ಸತ್ಯವಿದೆ. ಹಿಂದೆ ಈ ವಿದ್ಯೆಯನ್ನು ಕಲಿತವರು ಎಂಟು ಹತ್ತರ ವಯಸ್ಸಿನಲ್ಲಿ ಶಾಲೆ ಬಿಟ್ಟು ಮಿಸ್ತ್ರಿಯ ಪಕ್ಕದಲ್ಲಿ ಕುಳಿತು, ಬೈಗುಳ ತಿಂದು, ಪಾನಾ ಎತ್ತಿಕೊಟ್ಟು ಕಲಿತರು. ೧೯೮೬ರ ಬಾಲಕಾರ್ಮಿಕ ಕಾಯಿದೆಗೆ ೨೦೧೬ರಲ್ಲಿ ಆದ ತಿದ್ದುಪಡಿಯು ಹದಿನಾಲ್ಕರ ಒಳಗಿನವರನ್ನು ದುಡಿಮೆಗೆ ಇಟ್ಟುಕೊಳ್ಳುವುದನ್ನು ನಿಷೇಧಿಸಿದೆ. ಅದು ಸರಿಯಾದುದೇ. ಮಗುವಿಗೆ ಕಾರ್ಯಾಗಾರದ ಬಾಗಿಲು ನ್ಯಾಯವಾಗಿಯೇ ಮುಚ್ಚಿತು. ಆದರೆ ಆ ವಿದ್ಯೆಗೆ ಶಾಲೆಯ ಬಾಗಿಲು ತೆರೆಯದೆ ಹೋದರೆ ಅದು ಎಲ್ಲಿಗೆ ಹೋಗಬೇಕು? ಮಿಸ್ತ್ರಿಯ ಮಗನು ಶಾಲೆಗೆ ಬರುವಾಗ ತನ್ನ ಕಿವಿಯಲ್ಲಿ ಎಂಜಿನಿನ ಸದ್ದಿನ ಭೇದಗಳನ್ನೂ ನಾಲಗೆಯಲ್ಲಿ ಅವುಗಳ ಹೆಸರುಗಳನ್ನೂ ಹೊತ್ತು ಬರುತ್ತಾನೆ. ಪರೀಕ್ಷೆಯು ಅವನನ್ನು ಅಂತರ್ದಹನದ ಲಕ್ಷಣವನ್ನು ಕೇಳುತ್ತದೆ. ಅವನು ಬರೆಯಲಾರನು, ದಡ್ಡನೆನಿಸಿಕೊಳ್ಳುತ್ತಾನೆ. ಅವನಿಗೆ ತಿಳಿದುದನ್ನು ಕೇಳುವ ಭಾಷೆಯು ಪ್ರಶ್ನೆಪತ್ರಿಕೆಯಲ್ಲಿಲ್ಲ. ಈ ವಿಮರ್ಶೆಯನ್ನು ಬರೆಯಲು ನಿಜವಾದ ಕಾರಣವು ಆ ಹುಡುಗನೇ.

೭

ಮೇಲಣ ವಿಚಾರದಿಂದ ಹೊರಡುವ ಸೂಚನೆಗಳು ಮೂರು. ಒಂದು, ಪಾಠವನ್ನು ಭಾಷಾಂತರವಾಗಿ ಅಲ್ಲದೆ, ಆಯಾ ಸೀಮೆಯ ಕಾರ್ಯಾಗಾರದ ಮಾತನ್ನು ಕೇಳಿ ಬರೆಯಬೇಕು. ಹೆಸರುಗಳು ಬಳಕೆಯವು, ಕ್ರಿಯಾಪದಗಳು ಕನ್ನಡದವು, ವಾಕ್ಯಗಳು ಕೆಲಸದ ಕ್ರಮದವು ಆಗಿರಬೇಕು. ಎರಡು, ಪರೀಕ್ಷೆಯ ಮೇಜಿನ ಮೇಲೆ ಪ್ರಶ್ನೆಪತ್ರಿಕೆಯೊಂದಿಗೆ ಬೇಕೆಂದೇ ಕೆಡಿಸಿಟ್ಟ ಒಂದು ಎಂಜಿನೂ ಇರಬೇಕು. ವಿದ್ಯಾರ್ಥಿಯು ದೋಷವನ್ನು ಹುಡುಕಿದ ಬಗೆಯನ್ನು ಬಾಯಲ್ಲಿ ಹೇಳಬೇಕು, ಅನಂತರ ಹತ್ತು ವಾಕ್ಯಗಳಲ್ಲಿ ಬರೆಯಬೇಕು. ಹಾಗೆ ಬರೆದ ಹತ್ತು ವಾಕ್ಯಗಳು ಒಳ್ಳೆಯ ಕನ್ನಡ ಗದ್ಯವೂ ಆಗಿರುತ್ತವೆ ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಮೂರು, ಇಂಥ ಮಾತುಗಳ ಸಂಗ್ರಹವನ್ನು ಕನ್ನಡ ವಿಭಾಗಗಳೇ ಕೈಗೊಳ್ಳಬೇಕು. ಕುಂಬಾರ ನೇಕಾರರ ವೃತ್ತಿಪದಗಳನ್ನು ಸಂಗ್ರಹಿಸಿದ ನಾವು, ಗಂಗಾವತಿಯ ಗದ್ದೆಯಂಚಿನಲ್ಲಿ ಸಿಂಪಡಿಸುವ ಯಂತ್ರವನ್ನು ಬಿಚ್ಚಿಕೊಂಡು ಕುಳಿತವನ ಮಾತನ್ನೂ ಬರೆದುಕೊಳ್ಳಬೇಕು.

ಕವಿರಾಜಮಾರ್ಗಕಾರನು ಕಂಡ ತಿರುಳು ಕಾವ್ಯದಲ್ಲಿ ಮಾತ್ರ ಇರತಕ್ಕದ್ದೆಂದು ನಾವು ಭಾವಿಸಬೇಕಾದುದಿಲ್ಲ. ಕೊಪ್ಪಳದ ಹುಡುಗಿಯೊಬ್ಬಳು ನಿಂತುಹೋದ ಎಂಜಿನಿನ ಪ್ಲಗ್ಗನ್ನು ಬಿಚ್ಚಿ, ಬೆಳಕಿಗೆ ಹಿಡಿದು, ‘ಮಸಿ ಕಟ್ಟೈತಿ, ಗಾಳಿ ಸಾಲವಲ್ದು’ ಎಂದು ಹೇಳಿ, ಆ ಮಾತಿಗೆ ಪರೀಕ್ಷಕನಿಂದ ಅಂಕವನ್ನು ಪಡೆಯುವ ದಿನ ಬಂದರೆ, ಅಂದು ಆ ತಿರುಳು ಇನ್ನೂ ಅಲ್ಲಿದೆಯೆಂದು ತಿಳಿಯಬಹುದು.